ಕಾಡಿನ ಬೆಟ್ಟಕ್ಕೆ ದಾರಿ ಹಾಕುವಾಗ ಇಳಿಯುವುದನ್ನು ಮೊದಲು ನೋಡಿ

ಬೆಟ್ಟ ಹತ್ತುವ ಯೋಜನೆ ಸಾಮಾನ್ಯವಾಗಿ ಶಿಖರದಿಂದಲೇ ಶುರುವಾಗುತ್ತದೆ. ಎಷ್ಟು ಎತ್ತರ, ಎಷ್ಟು ಹೊತ್ತಿಗೆ ಮುಟ್ಟಬಹುದು, ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು? ಬೋಳು ಬೆಟ್ಟಕ್ಕೆ ಇಷ್ಟು ಸಾಕಾಗಬಹುದು. ದಟ್ಟ ಕಾಡಿರುವ ಬೆಟ್ಟಕ್ಕೆ ಸಾಲದು. ಅಲ್ಲಿ ಹತ್ತುವಾಗ ದಾರಿ ತಪ್ಪುವ ಅವಕಾಶ ಕಡಿಮೆ, ಇಳಿಯುವಾಗ ಜಾಸ್ತಿ.

ಕಾರಣ ನೆಲದ ಆಕಾರದಲ್ಲೇ ಇದೆ. ಬೆಟ್ಟದ ಏಣುಗಳು, ಅಂದರೆ ಎರಡು ಕಣಿವೆಗಳ ನಡುವಿನ ಉದ್ದನೆಯ ಏರುಸಾಲುಗಳು, ಮೇಲಕ್ಕೆ ಹೋದಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಯಾವುದನ್ನು ಹಿಡಿದು ಹತ್ತಿದರೂ ಕೊನೆಗೆ ಶಿಖರದ ಆಸುಪಾಸಿಗೇ ಬರುತ್ತೀರಿ. ಇಳಿಯುವಾಗ ಅದೇ ಏಣು ಎರಡಾಗುತ್ತದೆ, ಆಮೇಲೆ ನಾಲ್ಕಾಗುತ್ತದೆ. ಮರಗಳ ನಡುವೆ ಈ ಕವಲು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಿ ಇಳಿಜಾರು ಸಲೀಸೋ ಅಲ್ಲಿಗೆ ಕಾಲು ತಾನಾಗಿ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬೇರೆಯೇ ಕಣಿವೆಯಲ್ಲಿ ಇರುತ್ತೀರಿ. ಹಾಗಾಗಿ ಮನೆಯಲ್ಲಿ ಕೂತು ದಾರಿ ಹಾಕುವಾಗಲೇ ಕೊನೆಯಿಂದ ಹಿಂದಕ್ಕೆ ಬನ್ನಿ.

ಮೊದಲು ನಕ್ಷೆ

ಎತ್ತರದ ಗೆರೆಗಳಿರುವ ನಕ್ಷೆ ಬೇಕು. ಇವನ್ನೇ ಕಂಟೂರ್ ಗೆರೆ ಎನ್ನುವುದು. ಒಂದೇ ಎತ್ತರದ ಜಾಗಗಳನ್ನೆಲ್ಲ ಒಂದು ಗೆರೆ ಕೂಡಿಸುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಸಲೀಸು.

ಕಣ್ಣಂದಾಜು ಸಾಲದು, ಲೆಕ್ಕ ಹಾಕಿ. 1:50,000 ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ ಎಂದುಕೊಳ್ಳಿ. ಒಂದು ಸೆಂಟಿಮೀಟರಿನಲ್ಲಿ 5 ಗೆರೆ ಬಂದರೆ 100 ಮೀಟರ್ ಏರು. ಅಂದರೆ ಸುಮಾರು 11 ಡಿಗ್ರಿ, ಆರಾಮಾಗಿ ನಡೆಯಬಹುದು. 10 ಗೆರೆ ಬಂದರೆ ಸುಮಾರು 22 ಡಿಗ್ರಿ. ಕಾಡಿನ ಒದ್ದೆ ಎಲೆಗಳ ಮೇಲೆ ಇಷ್ಟನ್ನು ಇಳಿಯುವುದು ಮಂಡಿಗೆ ಒಳ್ಳೆಯ ಪರೀಕ್ಷೆ. ಅದಕ್ಕಿಂತ ಒತ್ತಾಗಿದ್ದರೆ ಆ ಕಡೆ ಇಳಿಯುವ ಆಲೋಚನೆಯನ್ನೇ ಬಿಡಿ, ಅಲ್ಲಿ ಸರಿಯಾದ ಕಾಲುದಾರಿ ಇದೆ ಎಂದು ಖಾತ್ರಿ ಇದ್ದರೆ ಮಾತ್ರ ನೋಡಬಹುದು.

ಇನ್ನೊಂದು ಗುರುತು. ಗೆರೆಗಳು 'ವಿ' ಆಕಾರದಲ್ಲಿ ಮಡಚಿಕೊಂಡು ತುದಿ ಎತ್ತರದ ಕಡೆ ನೋಡುತ್ತಿದ್ದರೆ ಅದು ಹಳ್ಳ. ತುದಿ ತಗ್ಗಿನ ಕಡೆ ನೋಡುತ್ತಿದ್ದರೆ ಏಣು. ಇದೊಂದು ಗಟ್ಟಿಯಾದರೆ ನಕ್ಷೆ ಅರ್ಧ ಬಂದಂತೆ.

ನಕ್ಷೆ ಹೇಳದೇ ಇರುವುದೂ ಇದೆ. 20 ಮೀಟರಿಗೆ ಒಂದು ಗೆರೆ ಇರುವ ನಕ್ಷೆಯಲ್ಲಿ 15 ಮೀಟರಿನ ನೇರ ಬಂಡೆ ಎರಡು ಗೆರೆಗಳ ನಡುವೆ ಸುಮ್ನೆ ಮುಚ್ಚಿಹೋಗಬಹುದು. ಫೋನಿನ ಹಲವು ನಕ್ಷೆಗಳಲ್ಲಿ ಎತ್ತರದ ಗೆರೆ ಬಂದಿರುವುದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಅಳತೆಯಿಂದ. ದಟ್ಟ ಕಾಡಿನಲ್ಲಿ ಆ ರೇಡಾರ್ ಎಲ್ಲ ಕಡೆ ನೆಲ ಮುಟ್ಟಲಿಲ್ಲ, ಎಷ್ಟೋ ಕಡೆ ಮರಗಳ ತಲೆಯ ಹತ್ತಿರವೇ ನಿಂತಿತು. ಸಣ್ಣ ಕೊರಕಲುಗಳು ಅದರಲ್ಲಿ ಸಮತಟ್ಟಾಗಿ ಕಂಡರೆ ಆಶ್ಚರ್ಯವಿಲ್ಲ. ಕಾಲುದಾರಿಗಳ ವಿಷಯವೂ ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅವನ್ನು ಬಿಡಿಸುವವರು ಹೆಚ್ಚಾಗಿ ಸ್ವಯಂಸೇವಕರು. ಒಬ್ಬರು ಒಂದು ಸಲ ನಡೆದದ್ದೂ, ಸಾವಿರಾರು ಜನ ನಡೆಯುವುದೂ ಅಲ್ಲಿ ಒಂದೇ ಚುಕ್ಕಿ ಗೆರೆ. ಮರ ಸಾಗಿಸಲು ಮಾಡಿದ ಹಳೆಯ ರಸ್ತೆಗಳಂತೂ ನಂಬಿಕೆಗೆ ದೂರ. ನಕ್ಷೆಯಲ್ಲಿದ್ದದ್ದು ಪೊದೆ ಬೆಳೆದು ಮುಚ್ಚಿರುತ್ತದೆ, ನಕ್ಷೆಯಲ್ಲಿಲ್ಲದ್ದು ಅಗಲವಾಗಿ ಕರೆಯುತ್ತಿರುತ್ತದೆ.

ಅದಕ್ಕೇ ಎರಡು ಬೇರೆ ಬೇರೆ ನಕ್ಷೆ ಇಟ್ಟುಕೊಂಡು ಹೋಲಿಸಿ. ಎರಡರಲ್ಲೂ ಇರುವ ದಾರಿಯನ್ನೇ ಆರಿಸಿ. ಆಮೇಲೆ ಈಚೆಗೆ ಹೋಗಿಬಂದವರನ್ನು, ಇಲ್ಲವೇ ಆ ಕಾಡು ನೋಡಿಕೊಳ್ಳುವವರನ್ನು ಕೇಳಿ. ಅನುಮತಿ ಬೇಕೇ, ದಾರಿ ಮುಚ್ಚಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಇಳಿಯುವ ದಾರಿಯ ಕವಲುಗಳು

ಈಗ ನಕ್ಷೆಯಲ್ಲಿ ಶಿಖರದ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ಏಣು ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲೆಲ್ಲ ಗುರುತು ಹಾಕಿ. ಪ್ರತಿ ಗುರುತಿಗೂ ಮೂರು ಮಾತು ಬರೆದುಕೊಳ್ಳಿ: ಎತ್ತರ ಎಷ್ಟು, ತಿರುಗಬೇಕಾದ ದಿಕ್ಕು ಯಾವುದು, ತಪ್ಪಿ ಮುಂದೆ ಹೋದರೆ ಏನು ಸಿಗುತ್ತದೆ. '1,240 ಮೀಟರ್, ಎಡಕ್ಕೆ, ಈಶಾನ್ಯ. ತಪ್ಪಿದರೆ ಹಳ್ಳ ಸಿಗುತ್ತದೆ.' ಹೀಗೆ. ಆ ಕೊನೆಯ ಮಾತನ್ನು ಬಹಳ ಜನ ಬರೆಯುವುದಿಲ್ಲ. ಕಾಡಿನಲ್ಲಿ ನಿಮ್ಮನ್ನು ತಡೆದು ನಿಲ್ಲಿಸುವುದು ಅದೇ. ಸಿಗಬಾರದ ಹಳ್ಳ ಸಿಕ್ಕಿತು ಎಂದರೆ ವಾಪಸ್ ಹತ್ತಿ ಎಂದರ್ಥ.

ಎತ್ತರ ಏಕೆ ಬೇಕು? ಕಾಡಿನಲ್ಲಿ ದೂರದ ಗುರುತು ಏನೂ ಕಾಣುವುದಿಲ್ಲವಲ್ಲ. ಜಿಪಿಎಸ್ ಇದೆ ಅನ್ನಬಹುದು. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಜಾಗ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ, ಆಳದ ಕಣಿವೆಯಲ್ಲಿ ಸಿಗ್ನಲ್ ಬಂಡೆಗೆ ತಾಗಿ ತಿರುಗಿ ಬಂದು ಚುಕ್ಕಿ ಅತ್ತಿತ್ತ ಜಿಗಿಯುತ್ತದೆ. ಆಗ ಗಾಳಿಯ ಒತ್ತಡದಿಂದ ಎತ್ತರ ಹೇಳುವ ಗಡಿಯಾರವೋ ಫೋನೋ ಸಹಾಯಕ್ಕೆ ಬರುತ್ತದೆ. ನೀವು ಯಾವ ಏಣಿನ ಮೇಲಿದ್ದೀರಿ ಎಂದು ಗೊತ್ತಿದ್ದು, ಎತ್ತರವೂ ಗೊತ್ತಾದರೆ, ಎಲ್ಲಿದ್ದೀರಿ ಎಂಬುದು ಗೊತ್ತಾದಂತೆಯೇ. ಆದರೆ ಹವಾಮಾನ ಬದಲಾದರೆ ಒತ್ತಡವೂ ಬದಲಾಗುತ್ತದೆ. ಒಂದು ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸಕ್ಕೆ ಸುಮಾರು 8 ಮೀಟರ್ ತಪ್ಪು ಬರುತ್ತದೆ. ಎತ್ತರ ಖಚಿತವಿರುವ ಜಾಗದಲ್ಲೆಲ್ಲ ಸರಿಪಡಿಸಿಕೊಳ್ಳಿ.

ಫೋನಿಗೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ. ಕಾಗದದ ಪ್ರತಿಯೊಂದು, ಕಂಪಾಸ್ ಒಂದು ಚೀಲದಲ್ಲಿರಲಿ.

ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಡಿದಾದ ಇಳಿಜಾರಿಗೆ 300 ಮೀಟರಿಗೆ 10 ನಿಮಿಷ ಸೇರಿಸುವುದು ಆಮೇಲೆ ಬಂದ ತಿದ್ದುಪಡಿ. ನೈಸ್ಮಿತ್ ಗಟ್ಟಿ ಕಾಲಿನ ಮನುಷ್ಯ ಇರಬೇಕು, ಈ ಲೆಕ್ಕದಲ್ಲಿ ವಿಶ್ರಾಂತಿಯೇ ಇಲ್ಲ. ಬೇರು, ಕೆಸರು, ಬಿದ್ದ ಮರಗಳಿರುವ ಕಾಡುದಾರಿಗೆ ಬಂದದ್ದನ್ನು ಒಂದೂವರೆ ಪಟ್ಟು ಮಾಡಿಕೊಳ್ಳುವುದು ಲೇಸು.

ಒಂದು ಉದಾಹರಣೆ. ಹೋಗಿಬರಲು 12 ಕಿಲೋಮೀಟರ್, ಏರು 900 ಮೀಟರ್, ಇಳಿಯುವಾಗ 600 ಮೀಟರ್ ಕಡಿದು. ನಡೆಯಲು 2 ಗಂಟೆ 24 ನಿಮಿಷ, ಏರಿಗೆ ಒಂದೂವರೆ ಗಂಟೆ, ಇಳಿಜಾರಿಗೆ 20 ನಿಮಿಷ. ಒಟ್ಟು 4 ಗಂಟೆ 14 ನಿಮಿಷ. ಒಂದೂವರೆ ಪಟ್ಟು ಮಾಡಿದರೆ 6 ಗಂಟೆ 21 ನಿಮಿಷ. ತಿನ್ನಲು, ಕೂರಲು ಒಂದು ಗಂಟೆ ಸೇರಿಸಿ. ಏಳೂಕಾಲು ಗಂಟೆ ದಾಟಿತು, ಅಲ್ವಾ? ಜತೆಯಲ್ಲಿ ನಿಧಾನ ನಡೆಯುವವರಿದ್ದರೆ ಗುಂಪಿಗೆಲ್ಲ ಅವರದೇ ವೇಗ.

ಈಗ ಇದನ್ನು ಕತ್ತಲಿನಿಂದ ಹಿಂದಕ್ಕೆ ಎಣಿಸಿ. ಸೂರ್ಯ 6 ಗಂಟೆಗೆ ಮುಳುಗುತ್ತಾನೆ ಎಂದಿಟ್ಟುಕೊಳ್ಳಿ. ಮರಗಳ ಕೆಳಗೆ ಕಾಲಡಿಯ ಬೇರು ಕಾಣದಂತಾಗಲು ಐದೂವರೆ ಸಾಕು. ಅದಕ್ಕೂ ಒಂದು ಗಂಟೆ ಮುಂಚೆ, ಅಂದರೆ ನಾಲ್ಕೂವರೆಗೆ ಕೆಳಗಿರಬೇಕು. ಇಳಿಯಲು ಇದೇ ಲೆಕ್ಕದಲ್ಲಿ 2 ಗಂಟೆ 18 ನಿಮಿಷ ಬೇಕು. ಹಾಗಾದರೆ 2 ಗಂಟೆಗೆ ಎಲ್ಲಿದ್ದರೂ ವಾಪಸ್ ತಿರುಗಬೇಕು. ಶಿಖರ ಇನ್ನು ಹತ್ತೇ ನಿಮಿಷ ಇದ್ದರೂ ಅಷ್ಟೇ. ಈ ಹೊತ್ತನ್ನು ಹೊರಡುವ ಮೊದಲೇ ಎಲ್ಲರ ಎದುರು ಹೇಳಿಬಿಡಿ, ಮೇಲೆ ಹೋದ ಮೇಲೆ ಚರ್ಚೆಗೆ ಎಲ್ಲರೂ ವಕೀಲರಾಗುತ್ತಾರೆ. ಹೆಡ್ ಟಾರ್ಚ್ ಹೇಗೂ ಚೀಲದಲ್ಲಿರಲಿ.

ನೀರು, ಚಳಿ, ಸಿಡಿಲು

ಕುಡಿಯಲು ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಿಡಿಯಿರಿ, ಬಿಸಿಲಿದ್ದರೆ ಜಾಸ್ತಿ. ದಾರಿಯ ತೊರೆಗಳನ್ನು ನಂಬುವುದಾದರೆ ಅವು ಈ ಕಾಲದಲ್ಲಿ ಹರಿಯುತ್ತವೆಯೇ ಎಂದು ಕೇಳಿಕೊಳ್ಳಿ, ನೀರನ್ನು ಶುದ್ಧ ಮಾಡಿಯೇ ಕುಡಿಯಿರಿ. ಮಳೆ ಬಂದರೆ ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಹಳ್ಳವನ್ನೇ ಸಂಜೆ ದಾಟಲಾಗದೇ ಹೋಗಬಹುದು. ದಾಟುವ ಜಾಗ ದಾರಿಯ ಕೊನೆಯಲ್ಲಿದ್ದರೆ ಇನ್ನೊಂದು ದಾರಿ ಗೊತ್ತಿರಲೇಬೇಕು.

ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಬಟ್ಟೆ ಒದ್ದೆಯಾಗಿ ಗಾಳಿಯೂ ಬೀಸಿದರೆ ಅದು ಇನ್ನೂ ಚಳಿ. ಒಣ ಬಟ್ಟೆ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ. ಶಿಖರ, ಏಣಿನ ಮೇಲ್ಭಾಗ, ಒಂಟಿ ಎತ್ತರದ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ದಾರಿ ತಪ್ಪಿದರೆ

ಗೊತ್ತಾದ ಕೂಡಲೇ ನಿಲ್ಲಿ. ಕೂತು ನೀರು ಕುಡಿಯಿರಿ. ಆಮೇಲೆ ನಕ್ಷೆ ತೆಗೆದು, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ವಾಪಸ್ ಹೋಗಿ. ಅದು ಹತ್ತಬೇಕಾದ ದಾರಿಯಾದ್ದರಿಂದ ಮನಸ್ಸು ಒಪ್ಪುವುದಿಲ್ಲ, ಅಡ್ಡ ಹಾಯ್ದು ಹೋಗೋಣ ಎನ್ನುತ್ತದೆ. ಕೇಳಬೇಡಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತೂ ಇದೆ. ಊರಿಗಿಂತ ಮೊದಲು ಜಾರುಬಂಡೆ, ಜಲಪಾತ ಸಿಗುವುದೇ ಹೆಚ್ಚು. ಅಲ್ಲಿಂದ ಕೆಳಗೂ ಇಳಿಯಲಾಗದು, ಮೇಲೂ ಹತ್ತಲಾಗದು.

ಹೊರಡುವ ಮುಂಚೆ ದಾರಿಯ ಗುರುತು ಹಾಕಿದ ನಕ್ಷೆಯನ್ನು ಮನೆಯಲ್ಲಿ ಒಬ್ಬರಿಗೆ ಕೊಟ್ಟಿರಿ. ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಎಂದೂ ಬರೆದಿಡಿ. ಹಾಗಿದ್ದರೆ ಹುಡುಕುವವರು ಬರುತ್ತಾರೆ, ನೀವು ಒಂದೇ ಕಡೆ ಇದ್ದರೆ ಸಾಕು. ದಟ್ಟ ಮರಗಳ ನಡುವೆ ಕೂಗು ದೂರ ಹೋಗುವುದಿಲ್ಲ, ಗಂಟಲೂ ಬೇಗ ಕಟ್ಟುತ್ತದೆ. ಅದಕ್ಕೆ ಸೀಟಿ ಇರಬೇಕು. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಊದಿ. ಕೆಲವು ದೇಶಗಳಲ್ಲಿ ಮೂರು ಸಲ ಊದುವುದೇ ಅಪಾಯದ ಗುರುತು, ಹೋಗುವ ಕಡೆ ಯಾವುದು ಎಂದು ತಿಳಿದುಕೊಂಡಿರಿ. ಆರರ ಪದ್ಧತಿಯಲ್ಲಿ ಉತ್ತರ ನಿಮಿಷಕ್ಕೆ ಮೂರು ಸಲ ಬರುತ್ತದೆ. ಉತ್ತರ ಕೇಳಿಸಿತೆಂದು ನಿಲ್ಲಿಸಬೇಡಿ. ಅವರು ನಿಮ್ಮ ಹತ್ತಿರ ಬರುವವರೆಗೂ ಊದುತ್ತಿರಿ.