ಸಮರಾಭ್ಯಾಸದಲ್ಲಿ ಶತ್ರು ನೀವೇ ಆದರೆ: ಈ ಕೆಲಸ ಸರಿಯಾಗಿ ಮಾಡುವುದು ಹೇಗೆ

ಸಮರಾಭ್ಯಾಸದಲ್ಲಿ ನಿಮ್ಮನ್ನು ಶತ್ರು ಪಡೆಗೆ ಹಾಕಿದ್ದಾರೆ ಅಂದುಕೊಳ್ಳಿ. ಈ ಸುದ್ದಿ ಕೇಳಿದವರಲ್ಲಿ ಎರಡು ತರದವರು ಇರುತ್ತಾರೆ. ಒಬ್ಬರು ಇದನ್ನು ಅರ್ಧ ರಜೆ ಅಂದುಕೊಳ್ಳುತ್ತಾರೆ: ಪೊದೆ ಹಿಂದೆ ಕೂತು ನಾಲ್ಕು ಬ್ಲ್ಯಾಂಕ್ (ಸದ್ದು ಮಾತ್ರ ಮಾಡುವ, ಗುಂಡಿಲ್ಲದ ತೋಟಾ) ಹೊಡೆದು ಸತ್ತ ಹಾಗೆ ಮಲಗಿದರೆ ಮುಗೀತು. ಇನ್ನೊಬ್ಬರಿಗೆ ಎದುರಿನ ಯುನಿಟ್ಟಿನವರನ್ನು ಮಣ್ಣು ಮುಕ್ಕಿಸುವ ಉಮೇದು. ಇಬ್ಬರಿಂದಲೂ ತರಬೇತಿಗೆ ಉಪಯೋಗವಿಲ್ಲ. ನೀವು ಅಲ್ಲಿರುವುದು ಗೆಲ್ಲುವುದಕ್ಕೂ ಅಲ್ಲ, ಸೋಲುವುದಕ್ಕೂ ಅಲ್ಲ. ಎದುರಿನವರು ತಪ್ಪು ಮಾಡಿದರೆ ಅದು ಅವರಿಗೆ ನೋಯಬೇಕು, ಸರಿ ಮಾಡಿದರೆ ನೀವು ತಕರಾರಿಲ್ಲದೆ ಸಾಯಬೇಕು. ಹೇಳುವುದಕ್ಕೆ ಸುಲಭ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಎರಡನೆಯದು ತುಂಬಾ ಕಷ್ಟ.

ಮೊದಲ ಕೆಲಸ, ಆರ್ಡರ್ ಓದುವುದು. ನಿಮ್ಮ ಪಾತ್ರದ ಪುಟ ಮಾತ್ರ ಓದಿ ಬಿಡಬೇಡಿ. ತರಬೇತಿಗೆ ಬರುವವರು ಏನು ಕಲಿಯಬೇಕು ಅಂತ ಅದರಲ್ಲೇ ಬರೆದಿರುತ್ತದಲ್ಲ, ಅದನ್ನು ಓದಿ. ರಾತ್ರಿ ಹೊತ್ತು ನದಿ ದಾಟುವುದನ್ನು ಕಲಿಯಲಿ ಅಂತ ಇಡೀ ಅಭ್ಯಾಸ ಕಟ್ಟಿದ್ದಾರೆ ಅನ್ನಿ. ನೀವು ನದಿಗಿಂತ ಎಷ್ಟೋ ಮೊದಲೇ ಹೊಂಚು ಹಾಕಿ ಎಲ್ಲರನ್ನೂ ಮಲಗಿಸಿದರೆ ನಿಮಗೆ ಖುಷಿ, ಆದರೆ ನದಿಯನ್ನು ಯಾರೂ ನೋಡಲೇ ಇಲ್ಲ. ಹಾಗಾಗಿ ಎಕ್ಸರ್‌ಸೈಜ್ ಕಂಟ್ರೋಲ್‌ನವರನ್ನು, ಅಂದರೆ ಇಡೀ ಅಭ್ಯಾಸ ನಡೆಸುವವರನ್ನು, ಮೊದಲೇ ಕೇಳಿಬಿಡಿ: ಎಲ್ಲಿವರೆಗೆ ನನ್ನ ಸ್ವಂತ ಬುದ್ಧಿ ಓಡಿಸಬಹುದು, ಎಲ್ಲಿ ನೀವು ಹೇಳಿದ ಹಾಗೆ ನಡೆಯಬೇಕು? ಇದಕ್ಕೆ ಅವರು ಸ್ಪಷ್ಟ ಉತ್ತರ ಕೊಟ್ಟರೆ ಅರ್ಧ ಜಗಳ ಕಡಿಮೆ.

ಮುಂದಿನ ಪ್ರಶ್ನೆ, ನೀವು ಯಾವ ಶತ್ರು? ಹೆಚ್ಚಿನವರು ಎಡವುವುದು ಇಲ್ಲೇ. ತಮ್ಮ ಸೇನೆಯಲ್ಲಿ ಕಲಿತ ಹಾಗೇ ಹೋರಾಡುತ್ತಾರೆ, ಬಟ್ಟೆ ಮಾತ್ರ ಬೇರೆ. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಫೋರ್ಟ್ ಇರ್ವಿನ್ ಅಂತ ಅಮೆರಿಕ ಸೇನೆಯ ದೊಡ್ಡ ತರಬೇತಿ ಕೇಂದ್ರ ಇದೆ. 1980ರ ದಶಕದಲ್ಲಿ ಅಲ್ಲಿನ ಶತ್ರು ಪಡೆ ಸೋವಿಯತ್ ರೆಜಿಮೆಂಟ್ ಹೇಗೆ ಸಾಲುಗಟ್ಟುತ್ತದೆ, ಹೇಗೆ ನುಗ್ಗುತ್ತದೆ ಅಂತ ಅಭ್ಯಾಸ ಮಾಡಿ ಹಾಗೇ ನಡೆದುಕೊಳ್ಳುತ್ತಿತ್ತು. ಶೆರಿಡನ್ ಅನ್ನುವ ತಮ್ಮದೇ ಹಗುರ ಟ್ಯಾಂಕ್‌ಗಳ ಮೇಲೆ ಹೊರಮೈ ಕಟ್ಟಿ ಸೋವಿಯತ್ ವಾಹನಗಳ ಆಕಾರ ಕೊಟ್ಟಿದ್ದರು. 1994ರಿಂದ ಈ ಕೆಲಸ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟಿನದು. ಆಕಾಶದಲ್ಲೂ ಇದೇ ಲೆಕ್ಕ. 1969ರಲ್ಲಿ ಅಮೆರಿಕದ ನೌಕಾಪಡೆ ಪೈಲಟ್‌ಗಳಿಗೆ ವಾಯುಯುದ್ಧ ಕಲಿಸುವ ಟಾಪ್ ಗನ್ ಶಾಲೆ ಶುರು ಮಾಡಿದಾಗ ಸೋವಿಯತ್ ಯುದ್ಧವಿಮಾನ ಮಿಗ್-17ರ ಪಾತ್ರಕ್ಕೆ ಹಾಕಿದ್ದು ಎ-4 ಸ್ಕೈಹಾಕ್ ವಿಮಾನವನ್ನು. ಅದು ಚಿಕ್ಕದು, ಚುರುಕಾಗಿ ತಿರುಗುತ್ತದೆ, ಮಿಗ್ ಕೊಡುವ ತಲೆನೋವನ್ನೇ ಕೊಡುತ್ತದೆ.

ನಿಮಗೆ ಇದರಿಂದ ಸಿಗುವ ಪಾಠ ಸರಳ. ನಿಮ್ಮ ಪಾತ್ರದ ಶತ್ರುವಿನ ಹತ್ತಿರ ರಾತ್ರಿ ಕಾಣುವ ಕನ್ನಡಕ ಇಲ್ಲ ಅಂದರೆ ನಿಮ್ಮದನ್ನು ಬಿಚ್ಚಿ ಚೀಲಕ್ಕೆ ಹಾಕಿ. ಅವನ ಆಯುಧಕ್ಕೆ ಅಷ್ಟು ದೂರ ಹೊಡೆಯಲು ಆಗುವುದಿಲ್ಲ ಅಂದರೆ ನೀವೂ ಹೊಡೆಯಬೇಡಿ. ಯಾರೂ ನೋಡುತ್ತಿಲ್ಲ ಅಂತ ಸುಮ್ನೆ ಕದ್ದು ಬಳಸಿದರೆ ಎದುರಿನವರು ಇಲ್ಲದ ಶತ್ರುವಿಗೆ ತಯಾರಾಗುತ್ತಾರೆ. ಬಣ್ಣದ ಬಗ್ಗೆ ಒಂದು ಮಾತು: ಹೆಚ್ಚಿನ ಕಡೆ ನಮ್ಮವರು ನೀಲಿ, ಶತ್ರು ಕೆಂಪು. ಚೀನಾದಲ್ಲಿ ಇದು ತಲೆಕೆಳಗು. ಅಲ್ಲಿ ಝುರಿಹೆ ಅನ್ನುವ ತರಬೇತಿ ನೆಲೆಯಲ್ಲಿ 2014ರಲ್ಲಿ ನಡೆದ ಅಭ್ಯಾಸಗಳಲ್ಲಿ ಶತ್ರು ಪಾತ್ರದ ನೀಲಿ ಪಡೆ 7ರಲ್ಲಿ 6 ಸಲ ಗೆದ್ದಿತು, ಅದನ್ನು ಅವರ ಮಾಧ್ಯಮಗಳೇ ಹೇಳಿಕೊಂಡವು. ಸ್ವಂತ ಪಡೆ ಸೋತದ್ದನ್ನು ಹಾಗೆ ಹೇಳಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ಲಕ್ಷಣ.

ಈಗ ಸಾಯುವ ವಿಷಯ. ಬಹಳ ಕಡೆ ಲೇಸರ್ ಕಿಟ್ ಇರುತ್ತದೆ. ಅಮೆರಿಕದ ಮೈಲ್ಸ್ ಅನ್ನುವುದು 1980ರ ಸುಮಾರಿಗೆ ಬಂತು, ಆಮೇಲೆ ಬೇರೆ ಸೇನೆಗಳಲ್ಲೂ ಅಂಥವು ಬಂದವು. ರೈಫಲ್ ನಳಿಗೆಯ ಮೇಲೆ ಒಂದು ಪೆಟ್ಟಿಗೆ, ಬ್ಲ್ಯಾಂಕ್ ಹೊಡೆದಾಗ ಅದರಿಂದ ಲೇಸರ್ ಹೋಗುತ್ತದೆ. ಮೈ ಮೇಲಿನ ಪಟ್ಟಿಯಲ್ಲಿ, ಹೆಲ್ಮೆಟ್ಟಿನ ಸುತ್ತ ಸೆನ್ಸರ್. ಗುಂಡು ಪಕ್ಕದಲ್ಲಿ ಹೋದರೆ ಚಿಕ್ಕದಾಗಿ ಬೀಪ್. ತಗುಲಿದರೆ ಒಂದೇ ಸಮನೆ ಕಿರುಚುತ್ತದೆ. ಹಳೆಯ ಮೈಲ್ಸ್ ಕಿಟ್ಟಿನಲ್ಲಿ ಆ ಕಿರುಚಾಟ ನಿಲ್ಲಿಸಬೇಕೆಂದರೆ ನಿಮ್ಮ ರೈಫಲ್ ಪೆಟ್ಟಿಗೆಯ ಕೀಲಿ ತೆಗೆದು ಮೈ ಮೇಲಿನ ಪಟ್ಟಿಗೆ ಹಾಕಬೇಕಿತ್ತು, ಕೀಲಿ ತೆಗೆದ ಕೂಡಲೇ ನಿಮ್ಮ ಲೇಸರ್ ಬಂದ್. ಸತ್ತವನು ಮತ್ತೆ ಹೊಡೆಯುವ ಹಾಗಿಲ್ಲ. ಯಾರು ಯೋಚಿಸಿದರೋ, ಮನುಷ್ಯನ ಬುದ್ಧಿ ಚೆನ್ನಾಗಿ ಗೊತ್ತಿದ್ದವರೇ ಇರಬೇಕು.

ಆದರೂ ಮೋಸಕ್ಕೆ ದಾರಿ ಇದ್ದೇ ಇರುತ್ತದೆ. ಲೇಸರ್ ಎಲೆ ದಾಟುವುದಿಲ್ಲ, ದೂಳು ಮತ್ತು ಹೊಗೆ ದಟ್ಟವಾದರೆ ಅಲ್ಲೂ ತಡೆಯುತ್ತದೆ. ನಿಜವಾದ ಗುಂಡಿಗೆ ಎಲೆ ಯಾವ ಲೆಕ್ಕ? ಇದು ಗೊತ್ತಾದ ಮೇಲೆ ಶತ್ರು ಪಡೆಯವರು ಬಂಡೆ ಬಿಟ್ಟು ಸೊಪ್ಪಿನ ಹಿಂದೆ ಅಡಗಲು ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಗುಂಡು ತಡೆಯುವ ಜಾಗ ಯಾವುದೋ ಅಲ್ಲೇ ಅಡಗಿ. ಸೆನ್ಸರ್ ಮೇಲೆ ಬಟ್ಟೆ, ಬ್ಯಾಗಿನ ಪಟ್ಟಿ ಬರದಂತೆ ನೋಡಿಕೊಳ್ಳಿ. ಬೆಳಿಗ್ಗೆ ಬ್ಯಾಟರಿ ನೋಡಿ, ಲೇಸರ್ ಗುರಿಗೆ ಸರಿಯಾಗಿ ಕೂತಿದೆಯಾ ಅಂತ ಪರೀಕ್ಷಿಸಿ. ಗಾಯದ ಕಾರ್ಡ್ ಕೊಟ್ಟಿದ್ದರೆ ಹೊಡೆತ ಬಿದ್ದ ಮೇಲೆ ತೆರೆದು ಅದರಲ್ಲಿ ಬರೆದ ಹಾಗೇ ನಡೆದುಕೊಳ್ಳಿ. ಕಾಲಿಗೆ ಗಾಯ ಅಂತ ಇದ್ದರೆ ನಡೆದು ಆಂಬುಲೆನ್ಸ್ ಹತ್ತಬೇಡಿ. ಅವರು ಹೊರಲಿ, ಬೆವರಲಿ. ಲೇಸರ್ ಇಲ್ಲದ ಅಭ್ಯಾಸದಲ್ಲಿ ಅಂಪೈರ್ ಹೇಳಿದ್ದೇ ಕೊನೆಯ ಮಾತು, ನಿಮಗೆ ಅನ್ಯಾಯ ಅನಿಸಿದರೂ ಅಲ್ಲಿ ವಾದ ಮಾಡಬೇಡಿ, ಸಂಜೆ ಹೇಳಿ.

ನಿಜವಾಗಿ ಸಾಯದೆ ಇರುವುದು ಇನ್ನೂ ಮುಖ್ಯ. ಅಭ್ಯಾಸ ಶುರುವಾಗುವ ಮೊದಲು ಪ್ರತಿ ಮ್ಯಾಗಜೀನ್, ಪ್ರತಿ ಪೌಚ್ ಖಾಲಿ ಮಾಡಿ ತೋರಿಸಿ. ಒಂದೇ ಒಂದು ಅಸಲಿ ಗುಂಡು ಮಧ್ಯೆ ಸೇರಿದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ. ಬ್ಲ್ಯಾಂಕ್ ಕೂಡ ಆಟಿಕೆ ಅಲ್ಲ. ನಳಿಗೆಯಿಂದ ಬಿಸಿ ಗಾಳಿ, ಸಿಡಿದ ಚೂರು ಬರುತ್ತವೆ, ಹತ್ತಿರದಿಂದ ಹೊಡೆದರೆ ಕಣ್ಣು ಹೋಗುತ್ತದೆ. ಎಷ್ಟು ದೂರ ಇರಬೇಕು ಅಂತ ಆರ್ಡರಿನಲ್ಲಿ ಬರೆದಿರುತ್ತದೆ, ಅದಕ್ಕಿಂತ ಹತ್ತಿರ ಬಂದರೆ ಹೊಡೆಯದೆ ಬಾಯಲ್ಲಿ ಕೂಗಿ. ಇನ್ನು ವಾಹನ. ರಾತ್ರಿ ದೀಪ ಆರಿಸಿಕೊಂಡು ಓಡಾಡುವ ಜಾಗದಲ್ಲಿ ಹುಲ್ಲಿನ ಮೇಲೆ ಎಲ್ಲೆಂದರಲ್ಲಿ ಮಲಗಬೇಡಿ. ಅಡಗುವುದೇ ನಿಮ್ಮ ಕೆಲಸವಾದ್ದರಿಂದ ಟ್ಯಾಂಕ್ ಓಡಿಸುವವನಿಗೆ ನೀವು ಕಾಣುವುದಿಲ್ಲ, ಈ ಅಪಾಯ ನಿಮಗೇ ಎಲ್ಲರಿಗಿಂತ ಜಾಸ್ತಿ. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಹೇಳುವ ಸಂಕೇತ ಪದ ಮೊದಲೇ ಕಲಿತಿರಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಸೇನೆಗಳಲ್ಲಿ ಅದು ‘ನೋ ಡಫ್’. ಆ ಮಾತು ಕೇಳಿಸಿತು ಅಂದರೆ ಪಾತ್ರ ಅಲ್ಲಿಗೆ ಬಂದ್.

ಹೋರಾಟದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಕೂತು ನೋಡಿ. ಎದುರಿನವರು ಕಾವಲು ಬದಲಾಯಿಸುವುದು ಯಾವಾಗ, ಒಂದೇ ದಾರಿಯಲ್ಲಿ ಎರಡು ಸಲ ಬಂದರಾ, ಯಾರ ಫೋನ್ ಬೆಳಗಿತು. ಈಗಂತೂ ಚಿಕ್ಕ ಡ್ರೋನ್ ಒಂದಿದ್ದರೆ ಮೇಲಿನಿಂದ ಚಕ್ರದ ಗುರುತು ಕಾಣುತ್ತದೆ, ಆಂಟೆನಾಗಳ ಗುಂಪು ಕಂಡರೆ ಕಮಾಂಡ್ ಪೋಸ್ಟ್ ಅಲ್ಲೇ ಇದೆ ಅಂತ ಊಹಿಸಬಹುದು. ದೊಡ್ಡ ದಾಳಿಗಿಂತ ಸಣ್ಣ ಕಿರುಕುಳ ಹೆಚ್ಚು ಕಲಿಸುತ್ತದೆ ಅಂತ ನನ್ನ ನಂಬಿಕೆ: ಬೆಳಗಿನ ಜಾವ ಇಬ್ಬರು ಹೋಗಿ ನಾಲ್ಕು ಗುಂಡು ಹೊಡೆದು ಓಡಿಬಂದರೆ ಇಡೀ ಕಂಪನಿ ಎದ್ದು ಕೂರುತ್ತದೆ, ಮರುದಿನ ಯಾರು ಹೇಗೆ ನಿರ್ಧಾರ ತೆಗೆದುಕೊಳ್ಳುತ್ತಾರೆ ಅನ್ನುವುದು ಆಗ ಗೊತ್ತಾಗುತ್ತದೆ.

ತುಂಬಾ ಜಾಣ ಶತ್ರು ಆದರೆ ಏನಾಗುತ್ತದೆ ಅನ್ನುವುದಕ್ಕೆ 2002ರ ಮಿಲೆನಿಯಂ ಚಾಲೆಂಜ್ ನೋಡಿ. ಅಮೆರಿಕದ ಆ ಭಾರಿ ಅಭ್ಯಾಸದಲ್ಲಿ ಕೆಂಪು ಪಡೆ ನಡೆಸಿದ್ದು ನಿವೃತ್ತ ಮರೀನ್ ಜನರಲ್ ಪಾಲ್ ವ್ಯಾನ್ ರೈಪರ್. ರೇಡಿಯೋ ಬಳಸಿದರೆ ಕೇಳಿಸಿಕೊಳ್ಳುತ್ತಾರೆ ಅಂತ ಬೈಕಿನಲ್ಲಿ ಆಳು ಕಳಿಸಿ ಸಂದೇಶ ಮುಟ್ಟಿಸಿದರು. ಆಮೇಲೆ ಕ್ಷಿಪಣಿ, ಚಿಕ್ಕ ದೋಣಿಗಳಿಂದ ಒಮ್ಮೆಲೇ ದಾಳಿ. ಕಂಪ್ಯೂಟರಿನ ಲೆಕ್ಕದಲ್ಲಿ 16 ಹಡಗು ಮುಳುಗಿದವು. ಕಂಟ್ರೋಲ್‌ನವರು ಹಡಗುಗಳನ್ನು ಮತ್ತೆ ತೇಲಿಸಿ ಆಟ ಮುಂದುವರಿಸಿದರು. ಆಮೇಲೆ ತಮ್ಮ ಕೈ ಕಟ್ಟಿಹಾಕಿದರು ಅಂತ ದೂರಿ ವ್ಯಾನ್ ರೈಪರ್ ಅರ್ಧದಲ್ಲೇ ಹಿಂದೆ ಸರಿದರು. ಇದನ್ನು ಹೇಳುವವರೆಲ್ಲ ಹಡಗು ತೇಲಿಸಿದ್ದೇ ಮೋಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 13,500 ಜನ ಸೇರಿದ ಅಭ್ಯಾಸವನ್ನು ಶುರುವಿನಲ್ಲೇ ಮುಗಿಸಿ ಎಲ್ಲರನ್ನೂ ಮನೆಗೆ ಕಳಿಸಲು ಆಗುತ್ತದಾ? ಸತ್ತವರನ್ನು ಎಬ್ಬಿಸುವುದು ಎಲ್ಲ ಕಡೆ ನಡೆಯುತ್ತದೆ, ಅಂಪೈರ್ ಕೈಯಲ್ಲಿ ಅದಕ್ಕೆಂದೇ ಒಂದು ಲೇಸರ್ ಗನ್ ಇರುತ್ತದೆ. ತೊಂದರೆ ಇರುವುದು ಎಬ್ಬಿಸಿದ ಮೇಲೆ ಶತ್ರುವಿಗೆ ಯೋಚಿಸಬೇಡ ಅಂದರೆ. ಅಂಥ ಸೂಚನೆ ನಿಮಗೆ ಬಂದರೆ ಪಾಲಿಸಿ, ಆದರೆ ಎಷ್ಟು ಗಂಟೆಗೆ ಬಂತು ಅಂತ ಬರೆದಿಡಿ.

ಸೆರೆ ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಒಳ್ಳೆಯ ಭಾಗ ಶುರುವಾಗುವುದೇ ಅಲ್ಲಿ. ಕಂಟ್ರೋಲ್‌ಗೆ ಹೇಳಿ ಒಂದು ಚೀಟಿ ತಯಾರು ಮಾಡಿಕೊಳ್ಳಿ. ನಿಮ್ಮ ಸಾಮಾನು ಬಚ್ಚಿಟ್ಟ ಜಾಗದ ಒರಟು ನಕ್ಷೆ, ಪೆನ್ಸಿಲ್‌ನಲ್ಲಿ, ನಾಲ್ಕು ಮಡಿಕೆ ಮಾಡಿ ಕಾಲುಚೀಲದ ಒಳಗೆ ಪಾದದ ಕಮಾನಿನ ಕೆಳಗೆ ಇಡಿ. ಹುಡುಕುವವನು ಜೇಬು ತಟ್ಟಿ, ಬೂಟಿನ ಹೊರಗಿನಿಂದ ಕೈಯಾಡಿಸಿ ಎದ್ದುಬಿಟ್ಟರೆ ನಕ್ಷೆ ನಿಮ್ಮ ಹತ್ತಿರವೇ ಉಳಿಯಿತು. ಬೂಟು ಬಿಚ್ಚಿಸಿ ಕಾಲುಚೀಲ ತಿರುವಿ ನೋಡಿದರೆ ಅವನಿಗೆ ಸಿಗಲಿ, ಅದು ಅವನ ಸಂಪಾದನೆ. ಪ್ರಶ್ನೆ ಕೇಳುವವರಿಗೂ ಇದೇ ಲೆಕ್ಕ: ಕೂಗಾಡಿದರೆ ಏನೂ ಹೇಳಬೇಡಿ, ತಾಳ್ಮೆಯಿಂದ ಸರಿಯಾದ ಪ್ರಶ್ನೆ ಕೇಳಿದರೆ ಒಂದೊಂದೇ ಬಿಟ್ಟುಕೊಡಿ. ಕೈ ಮಾಡಿದರೆ, ಉಸಿರು ಕಟ್ಟಿದ ಹಾಗಾದರೆ, ಸಂಕೇತ ಪದ ಹೇಳಿ ನಿಲ್ಲಿಸಿ. ಅದರಲ್ಲಿ ನಾಚಿಕೆ ಏನಿಲ್ಲ.

ಕೆಲವರಿಗೆ ಶತ್ರುವಿನ ಬದಲು ಊರಿನ ಜನರ ಪಾತ್ರ ಬರುತ್ತದೆ. ಫೋರ್ಟ್ ಇರ್ವಿನ್‌ನಲ್ಲಿ ಮದೀನಾ ವಾಸ್ಲ್ ಅಂತ ಇರಾಕಿನ ಊರಿನ ಹಾಗೆ ಕಟ್ಟಿ, ಅರಬಿ ಮಾತಾಡುವವರನ್ನು ಸಂಬಳ ಕೊಟ್ಟು ಕೂರಿಸಿದ್ದರು. ಕೈಕಾಲು ಕಳೆದುಕೊಂಡವರು ಗಾಯಾಳುಗಳ ಪಾತ್ರ ಮಾಡುವುದೂ ಉಂಟು. ಈ ಪಾತ್ರದಲ್ಲಿ ಅಳುವುದು, ಕಿರುಚುವುದು ಮುಖ್ಯ ಅಲ್ಲ, ನೆನಪು ಮುಖ್ಯ. ನಿನ್ನೆ ಬಂದ ಸೈನಿಕ ನೀರಿನ ಪಂಪ್ ರಿಪೇರಿ ಮಾಡಿಸುತ್ತೇನೆ ಅಂದಿದ್ದರೆ ಇವತ್ತು ಬಂದವನನ್ನು ಅದನ್ನೇ ಕೇಳಿ. ಅವನಿಗೆ ಗೊತ್ತಿಲ್ಲ ಅಂದರೆ ಅವರೊಳಗೆ ಮಾತು ದಾಟಿಲ್ಲ ಅಂತಾಯಿತು.

ಕೊನೆಗೆ ಎಲ್ಲರೂ ಕೂತು ನಡೆದದ್ದನ್ನು ಮಾತಾಡುತ್ತಾರೆ. ಅಲ್ಲಿ ಮೀಸೆ ತಿರುವಬೇಡಿ. ನಿಮ್ಮ ಹತ್ತಿರ ಇರುವುದು ಅವರಿಗೆ ಬೇರೆಲ್ಲೂ ಸಿಗದ ಸರಕು: ಅವರು ಹೊರಗಿನಿಂದ ಹೇಗೆ ಕಂಡರು ಅನ್ನುವುದು. ‘ಬೆಳಗಿನ 2:40ಕ್ಕೆ ಮೂರು ವಾಹನ ದಾಟಿದವು, ಎರಡನೆಯದರ ಒಳಗೆ ದೀಪ ಉರಿಯುತ್ತಿತ್ತು, ಅದನ್ನು ನೋಡಿಯೇ ನಾವು ಜಾಗ ಬದಲಾಯಿಸಿದೆವು’ ಅಂತ ಹೇಳಿದರೆ ಸಾಕು, ಯಾರ ತಪ್ಪು ಅಂತ ಬೆರಳು ತೋರಿಸುವುದು ಬೇಡ. ಜೇಬಿನ ಪುಸ್ತಕದಲ್ಲಿ ಸಮಯ ಹಾಕಿ ಬರೆದಿದ್ದರೆ ಮಾತ್ರ ಹೀಗೆ ಹೇಳಲು ಸಾಧ್ಯ, ಅಲ್ವಾ? ಅವರು ಚೆನ್ನಾಗಿ ಮಾಡಿದ್ದನ್ನೂ ಹೇಳಿ, ನಿಮ್ಮನ್ನು ಹೇಗೆ ಕೊಂದರು ಅನ್ನುವುದನ್ನು ವಿವರವಾಗಿ ಹೇಳಿ.

ಹೊರಡುವ ಮುಂಚೆ ಹೂತಿಟ್ಟದ್ದನ್ನೆಲ್ಲ ಪಟ್ಟಿ ಹಿಡಿದು ಎಣಿಸಿ ತೆಗೆಯಿರಿ. ಡಮ್ಮಿ ಬಾಂಬ್, ತಂತಿ, ಹೊಡೆಯದೆ ಉಳಿದ ಬ್ಲ್ಯಾಂಕ್, ಎಲ್ಲ. ಒಂದು ಡಮ್ಮಿ ಬಾಂಬ್ ಅಲ್ಲೇ ಉಳಿದರೆ ಮುಂದಿನ ತಿಂಗಳು ಬೇರೆ ಯಾರಿಗೋ ಸಿಗುತ್ತದೆ, ಅವರಿಗೆ ಅದು ಡಮ್ಮಿ ಅಂತ ಗೊತ್ತಿರುವುದಿಲ್ಲ, ಇಡೀ ಜಾಗ ಖಾಲಿ ಮಾಡಿಸಿ ಬಾಂಬ್ ನಿಷ್ಕ್ರಿಯ ದಳ ಕರೆಸುತ್ತಾರೆ. ಆಮೇಲೆ ಪಟ್ಟಿಗೆ ಸಹಿ ಹಾಕಿದವರು ಯಾರು ಅಂತ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.