ಕಪ್ಪು-ಬಿಳುಪು ಕ್ಯಾಮೆರಾದಿಂದ ಬಣ್ಣದ ಚಿತ್ರ: ಅಮಿಗಾ 500ರಲ್ಲಿ ನನ್ನ ಅನುಭವ

ಬಣ್ಣದ ಫೋಟೋವನ್ನು ಕಂಪ್ಯೂಟರಿಗೆ ಇಳಿಸಲು ಕಪ್ಪು-ಬಿಳುಪು ಕ್ಯಾಮೆರಾವೇ ಬೇಕು ಎಂದಾಗ ಕಾಸರಗೋಡಿನ ಸ್ಟುಡಿಯೋ ಗೆಳೆಯರು ಯಾರೂ ಒಪ್ಪಲಿಲ್ಲ. "ಅದರಲ್ಲಿ ಬಣ್ಣ ಎಲ್ಲಿಂದ ಬರಬೇಕು ಮಾರಾಯರೇ?" ಎಂದೇ ಎಲ್ಲರೂ ಕೇಳಿದರು. ತೊಂಬತ್ತರ ದಶಕದ ಆರಂಭ ಅದು. ಭಾವ ದುಬೈಯಿಂದ ತಂದ ಅಮಿಗಾ 500 ಎಂಬ ಮನೆಬಳಕೆಯ ಕಂಪ್ಯೂಟರ್ ನನ್ನಲ್ಲಿತ್ತು, ಮೆಮೊರಿಯನ್ನು ಒಂದು ಎಂಬಿಗೆ ಏರಿಸಿಕೊಂಡಿದ್ದೆ. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಡಿಜಿ-ವ್ಯೂ ಪೆಟ್ಟಿಗೆಯೂ ಅದರ ಬಣ್ಣದ ಚಕ್ರವೂ ಅವರ ಕೈಯಲ್ಲೇ ಬಂದವು. ಚಕ್ರದ ಕೆಂಪು, ಹಸಿರು, ನೀಲಿ ಫಿಲ್ಟರುಗಳನ್ನು ಒಂದೊಂದಾಗಿ ಲೆನ್ಸಿನ ಮುಂದೆ ತಂದು ಮೂರು ಸಲ ಸ್ಕ್ಯಾನ್ ಮಾಡಿ, ಮೂರನ್ನೂ ಕೂಡಿಸಿದರೆ ಬಣ್ಣದ ಚಿತ್ರ. ಇನ್ನೂರು ಡಾಲರಿನ ಆಸುಪಾಸು. ಕೈಯಿಂದ ಎಳೆಯುವ ಸ್ಕ್ಯಾನರನ್ನು ನಾನು ಪರಿಗಣಿಸಲೇ ಇಲ್ಲ. ಅದು ನಾಲ್ಕು ಇಂಚು ಅಗಲ, ಬಣ್ಣವಿಲ್ಲ, ಕೈ ನಡುಗಿದರೆ ಚಿತ್ರವೂ ಸೊಟ್ಟ.

ಸ್ನೇಹಿತರ ಒತ್ತಾಯಕ್ಕೆ ಮೊದಲು ಮದುವೆ ವೀಡಿಯೋದವರಿಂದ ಬಣ್ಣದ ಕ್ಯಾಮೆರಾ ಬಾಡಿಗೆಗೆ ತಂದೆವು, ದಿನಕ್ಕೆ ಮುನ್ನೂರು ರೂಪಾಯಿ ಇರಬೇಕು. ಚಿತ್ರದ ತುಂಬ ಸಣ್ಣ ಚುಕ್ಕಿಗಳ ಜಾಲ! ವೀಡಿಯೋ ಸಿಗ್ನಲಿನಲ್ಲಿ ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ, ಈ ಪೆಟ್ಟಿಗೆ ಅವುಗಳನ್ನು ಬೇರ್ಪಡಿಸುವುದಿಲ್ಲ. ಬಾಡಿಗೆ ಹಣ ದಂಡವಾಯಿತು, ಆದರೆ ವಾದ ಅಲ್ಲಿಗೆ ಮುಗಿಯಿತು.

ಮಂಗಳೂರಿನಲ್ಲಿ ಕಾವಲಿಗೆ ಇಡುವ, ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ಪಿನ, ಕಪ್ಪು-ಬಿಳುಪು ಕ್ಯಾಮೆರಾ ಹಳೆಯದು ಸಿಕ್ಕಿತು, ಲೆನ್ಸ್ ಸೇರಿ ನಾಲ್ಕು ಸಾವಿರದಷ್ಟು. ನಾನು ಅದನ್ನೇ ಆರಿಸಿದ್ದು ಹಿಂಬದಿಯ ಒಂದು ಪುಟ್ಟ ಸ್ವಿಚ್ಚಿಗಾಗಿ. ತಾನಾಗಿಯೇ ಬೆಳಕನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಎಜಿಸಿಯನ್ನು ಅದರಿಂದ ನಿಲ್ಲಿಸಬಹುದಿತ್ತು. ಎಜಿಸಿ ಚಾಲೂ ಇದ್ದರೆ ಕೆಂಪು, ಹಸಿರು, ನೀಲಿ ಮೂರು ಸ್ಕ್ಯಾನುಗಳೂ ಒಂದೇ ಹೊಳಪಿಗೆ ಬಂದು ನಿಲ್ಲುತ್ತವೆ. ಅವನ್ನು ಕೂಡಿಸಿದರೆ ಬರೀ ಬೂದು ಬಣ್ಣ.

ಆದರೂ ಬಣ್ಣ ಸಪ್ಪೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಫೋಟೋ ಇಟ್ಟರೆ ಕಪ್ಪು ಮಸುಕಾಗಿ, ಕೆಂಪು ತೊಳೆದಂತೆ ಕಾಣುತ್ತಿತ್ತು. ತಿಂಗಳುಗಟ್ಟಲೆ ಚಕ್ರದ ಫಿಲ್ಟರುಗಳನ್ನೇ ದೂರಿದೆವು. ನಾಟಕದ ದೀಪಕ್ಕೆ ಹಾಕುವ ಜೆಲಟಿನ್ ಹಾಳೆಗಳನ್ನು ತರಿಸಿದೆ, ಪ್ರಯೋಜನವಾಗಲಿಲ್ಲ. ಸುಳಿವು ಕೊಟ್ಟದ್ದು ಅಜ್ಜನ ಕಾಲದ ಒಂದು ಕಪ್ಪು-ಬಿಳುಪು ಫೋಟೋ: ಅದೇ ದೀಪ, ಅದೇ ಕ್ಯಾಮೆರಾ, ಅದರ ಕಪ್ಪು ಮಾತ್ರ ಅಚ್ಚ ಕಪ್ಪು. ಹಳೆಯ ಫೋಟೋದಲ್ಲಿರುವುದು ಬೆಳ್ಳಿ, ಅದು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನೂ ತಡೆಯುತ್ತದೆ. ಬಣ್ಣದ ಪ್ರಿಂಟಿನ ವರ್ಣದ್ರವ್ಯಗಳು ತಡೆಯುವುದಿಲ್ಲ, ಫಿಲ್ಟರುಗಳೂ ತಡೆಯುವುದಿಲ್ಲ. ಸಿಸಿಡಿಗೆ ಮಾತ್ರ ಅದು ಚೆನ್ನಾಗಿಯೇ ಕಾಣುತ್ತದೆ. ಕೆಟ್ಟುಹೋದ ಸ್ಲೈಡ್ ಪ್ರೊಜೆಕ್ಟರ್ ಒಂದರಿಂದ ಶಾಖ ತಡೆಯುವ ಗಾಜನ್ನು ಬಿಡಿಸಿ ಲೆನ್ಸಿನ ಮುಂದೆ ಹಿಡಿದೆ. ಮುಖದ ಅಕ್ಕಿಹಿಟ್ಟಿನ ಚುಟ್ಟಿ, ಕಾಡಿಗೆ, ಕಿರೀಟದ ಬಂಗಾರ ಎಲ್ಲವೂ ತಮ್ಮ ತಮ್ಮ ಬಣ್ಣದಲ್ಲಿ ಎದ್ದು ಬಂದವು. ನಾಲ್ಕು ಸಾವಿರದ ಕ್ಯಾಮೆರಾ ಸಾಧಿಸದ್ದನ್ನು ಐವತ್ತು ರೂಪಾಯಿಯ ಗಾಜು ಸಾಧಿಸಿತು.

ಬೆಳಕಿನ ಮಾತು. ಟ್ಯೂಬ್‌ಲೈಟಿನಲ್ಲಿ ಪಟ್ಟೆಗಳು ಬೀಳುತ್ತವೆ, ಬೇಡವೇ ಬೇಡ. ಎರಡು ಇನ್ನೂರು ವಾಟಿನ ಬಲ್ಬುಗಳನ್ನು ಓರೆಯಾಗಿ ಇಟ್ಟುಕೊಂಡೆ. ಒಂದೊಂದು ಬಣ್ಣದ ಸ್ಕ್ಯಾನಿಗೆ ಹತ್ತು ಸೆಕೆಂಡಿನಷ್ಟು ಹಿಡಿಯುತ್ತದೆ. ನಮ್ಮ ಊರಿನ ಸಂಜೆಯ ವೋಲ್ಟೇಜಿನಲ್ಲಿ ಕೆಂಪಿನಿಂದ ನೀಲಿಗೆ ಬರುವಷ್ಟರಲ್ಲಿ ಬಲ್ಬು ಮಂಕಾಗಿರುತ್ತಿತ್ತು. ಬಲ್ಬಿನಲ್ಲಿ ಮೊದಲೇ ನೀಲಿ ಕಡಿಮೆ. ಸ್ಟೆಬಿಲೈಸರ್ ಕೊಂಡೆ, ರಾತ್ರಿ ಹನ್ನೊಂದರ ಮೇಲೆಯೇ ಕೆಲಸ ಮಾಡಿದೆ. ನೀಲಿಗೆ ಎಷ್ಟು ಹೆಚ್ಚು ಬೆಳಕು ಬೇಕು, ಚಕ್ರ ತಿರುಗಿಸುವಾಗ ಕ್ಯಾಮೆರಾ ಕದಲದಂತೆ ಏನು ಮಾಡಬೇಕು ಎಂಬೆರಡನ್ನು ನಾನು ಬರೆಯುವುದಿಲ್ಲ. ಅದು ನನ್ನ ದುಡಿಮೆ.

ನಡುವೆ ಇನ್ನೊಂದು ಪ್ರಯೋಗ ನಡೆಯಿತು. ಆ ಗಾಜನ್ನು ತೆಗೆದು, ಗೋಚರ ಬೆಳಕನ್ನು ತಡೆಯುವ ಕಡುಗೆಂಪು ಫಿಲ್ಟರ್ ಹಾಕಿ, ಪರಿಚಯದ ಮನೆಯೊಂದರ ತುಳು ಲಿಪಿಯ ತಾಳೆಗರಿಯನ್ನು ಇಟ್ಟೆ. ಕಂದು ಕಲೆಗಳು ಹಗುರವಾದವು, ಮಸಿ ಉಜ್ಜಿದ ಅಕ್ಷರಗಳು ಕಪ್ಪಾಗಿ ನಿಂತವು. ಕಣ್ಣಿಗೆ ಕಾಣದ ಎರಡು ಸಾಲುಗಳನ್ನು ಆ ಮನೆಯ ಹಿರಿಯರು ಪರದೆಯ ಮೇಲೆ ಓದಿದರು. ನನಗೆ ಬಣ್ಣದ ಚಿತ್ರಗಳಿಗಿಂತ ಇದೇ ಹೆಚ್ಚು ಹೆಮ್ಮೆ.

ಹ್ಯಾಮ್ ಮೋಡ್ ಎಂಬ ಅಮಿಗಾದ ಚಿತ್ರ ತೋರಿಸುವ ಬಗೆಯಲ್ಲಿ 4096 ಬಣ್ಣ, ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 256. ಕಿರೀಟದ ಚೂಪು ಅಂಚುಗಳಲ್ಲಿ ಬಣ್ಣ ಸ್ವಲ್ಪ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಚಿತ್ರವೊಂದಕ್ಕೆ 60 ಕೆಬಿ, ಫ್ಲಾಪಿಯೊಂದರಲ್ಲಿ ಹನ್ನೆರಡು-ಹದಿಮೂರು. ಊರಿನಲ್ಲಿ ಆದ ಖರ್ಚೆಲ್ಲ ಸೇರಿ ಏಳು ಸಾವಿರದ ಒಳಗೆ. ಬಣ್ಣ ಎಲ್ಲಿಂದ ಬರಬೇಕು ಎಂದು ಕೇಳಿದ ಸ್ಟುಡಿಯೋದವರೇ ಮುಂದಿನ ವರ್ಷ ತಮ್ಮ ಪ್ರಿಂಟುಗಳ ಕಟ್ಟು ಹಿಡಿದು ನನ್ನ ಮನೆಗೆ ಬಂದರು.