ನಂಬಿಕೆ, ಓದಿನ ಪ್ರೇರಣೆ, ಬದುಕಿನ ತೃಪ್ತಿ: ಕಾಲೇಜಿನಲ್ಲಿ ಸಮೀಕ್ಷೆ ಮಾಡುವ ಬಗೆ

ಮನಃಶಾಸ್ತ್ರ, ಸಮಾಜಕಾರ್ಯ ಅಥವಾ ಬಿ.ಎಡ್. ಪ್ರಾಜೆಕ್ಟ್‌ಗೆ ದೇವರ ನಂಬಿಕೆ, ಓದಿನ ಪ್ರೇರಣೆ, ಬದುಕಿನ ತೃಪ್ತಿ ಈ ಮೂರಕ್ಕೂ ಸಂಬಂಧವಿದೆಯೇ ಎಂಬ ವಿಷಯ ಆರಿಸಿಕೊಂಡವರು ಲೆಕ್ಕದ ಹಂತಕ್ಕೆ ಬರುವ ಮೊದಲೇ, ಪ್ರಶ್ನೆ ಬರೆಯುವಾಗಲೇ ಎಡವುತ್ತಾರೆ. ‘ನಿಮಗೆ ದೇವರಲ್ಲಿ ನಂಬಿಕೆ ಇದೆಯೇ?’ ಎಂದು ಕೇಳಿದರೆ ನಮ್ಮ ಕಡೆ ಹೆಚ್ಚುಕಡಿಮೆ ಇಡೀ ತರಗತಿ ‘ಹೌದು’ ಎನ್ನುತ್ತದೆ. ಎಲ್ಲರ ಉತ್ತರವೂ ಒಂದೇ ಆದಾಗ ಅದನ್ನು ಯಾವುದರ ಜತೆ ಹೋಲಿಸಿದರೂ ಏನೂ ಸಿಗುವುದಿಲ್ಲ. ನಂಬಿಕೆ ಎಷ್ಟು, ಯಾವ ಬಗೆಯದು ಎಂದು ಅಳೆಯಬೇಕು.

ತೃಪ್ತಿಯನ್ನು ಅಳೆಯುವುದು ಮೂರರಲ್ಲಿ ಸುಲಭದ ಕೆಲಸ. ಮನಃಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ಐದೇ ಹೇಳಿಕೆಗಳಿವೆ. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಒಟ್ಟು 5ರಿಂದ 35. 20 ಅಂದರೆ ನಟ್ಟನಡುವೆ, 26 ಅಥವಾ ಅದಕ್ಕಿಂತ ಮೇಲಿದ್ದರೆ ತೃಪ್ತರು, 9 ಅಥವಾ ಅದಕ್ಕಿಂತ ಕೆಳಗಿದ್ದರೆ ತೀರಾ ಅತೃಪ್ತರು.

ನಂಬಿಕೆಗೆ ಡ್ಯೂಕ್ ವಿಶ್ವವಿದ್ಯಾಲಯದ ಧಾರ್ಮಿಕತೆ ಸೂಚ್ಯಂಕ ಸಾಕು. ಇದರಲ್ಲೂ ಐದೇ ಪ್ರಶ್ನೆ: ಒಂದು ಸಾಮೂಹಿಕ ಆಚರಣೆಯ ಬಗ್ಗೆ, ಒಂದು ಖಾಸಗಿ ಆಚರಣೆಯ ಬಗ್ಗೆ (ಎರಡಕ್ಕೂ 1ರಿಂದ 6 ಅಂಕ), ಉಳಿದ ಮೂರು ಒಳಗಿನ ಶ್ರದ್ಧೆಯ ಬಗ್ಗೆ (1ರಿಂದ 5). ಐದನ್ನೂ ಕೂಡಿ ಒಂದು ಮೊತ್ತ ಮಾಡಬೇಡಿ. ಮೂರು ಭಾಗಗಳನ್ನೂ ಬೇರೆಬೇರೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರಣ ನಮ್ಮ ಮನೆಗಳಲ್ಲೇ ಇದೆ. ದಿನಾ ಇಷ್ಟಲಿಂಗ ಪೂಜೆ ಮಾಡುವ ಹುಡುಗಿ ತಿಂಗಳುಗಟ್ಟಲೆ ಗುಡಿಗೆ ಹೋಗದಿರಬಹುದು. ಐದು ಹೊತ್ತು ಮನೆಯಲ್ಲೇ ನಮಾಜು ಮಾಡುವವಳಿಗೆ ಮಸೀದಿಯ ಪ್ರಶ್ನೆಯಲ್ಲಿ ಆರಕ್ಕೆ ಒಂದೇ ಅಂಕ ಬಿದ್ದೀತು. ಅತ್ತ ಗುರುವಾರಕ್ಕೊಮ್ಮೆ ಗೆಳೆಯರ ಜತೆ ರಾಯರ ಮಠಕ್ಕೆ ಹೋಗಿಬರುವವನಿಗೆ ಆರಕ್ಕೆ ಐದು. ಎಲ್ಲ ಕೂಡಿಸಿದರೆ ಇವರೆಲ್ಲ ಒಂದೇ ತಕ್ಕಡಿಯಲ್ಲಿ ಕೂತುಬಿಡುತ್ತಾರೆ. ‘ಚರ್ಚ್ ಅಥವಾ ಇತರ ಧಾರ್ಮಿಕ ಸಭೆ’ ಎಂಬ ಮೂಲದ ಮಾತನ್ನು ‘ಗುಡಿ, ಮಸೀದಿ, ಚರ್ಚ್, ಬಸದಿ, ಮಠ, ಭಜನೆ’ ಎಂದು ಬಿಡಿಸಿ ಬರೆಯಿರಿ. ಹಾಗೆ ಬದಲಿಸಿದ್ದನ್ನು ವರದಿಯಲ್ಲಿ ಹೇಳಿ.

ಪ್ರೇರಣೆಗೆ ರಾಬರ್ಟ್ ವ್ಯಾಲರಾಂಡ್ ತಂಡದ 1992ರ ಪಟ್ಟಿ: 28 ಹೇಳಿಕೆ, ಏಳು ಉಪವಿಭಾಗ, ಒಂದೊಂದರಲ್ಲಿ ನಾಲ್ಕು. ಇದರ ಬೇರು ಪ್ರೇರಣೆ ಒಳಗಿನಿಂದ ಬರುತ್ತದೋ ಹೊರಗಿನಿಂದಲೋ ಎಂದು ನೋಡುವ, ಡೆಸಿ ಮತ್ತು ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತದಲ್ಲಿದೆ. ತಿಳಿಯುವ ಖುಷಿಗೆ ಓದುವವರು, ಮುಂದಿನ ಬದುಕಿಗೆ ಬೇಕೆಂದು ಮನಸಾರೆ ಒಪ್ಪಿ ಓದುವವರು, ‘ನಾನೂ ಕಮ್ಮಿಯಿಲ್ಲ’ ಎಂದು ತೋರಿಸಲು ಓದುವವರು, ಸಂಬಳಕ್ಕಾಗಿ ಓದುವವರು, ಯಾಕೆ ಓದುತ್ತಿದ್ದೇವೆಂದೇ ತಿಳಿಯದವರು ಎಲ್ಲರೂ ಇದರಲ್ಲಿ ಬೇರೆಬೇರೆಯಾಗಿ ಕಾಣುತ್ತಾರೆ. 28ನ್ನೂ ಕೂಡುವುದಂತೂ ಶುದ್ಧ ತಪ್ಪು: ಕೊನೆಯ ಗುಂಪಿನ ಅಂಕ ಹೆಚ್ಚಿದಷ್ಟೂ ಪ್ರೇರಣೆ ಕಡಿಮೆ ಎಂದರ್ಥ.

ಇನ್ನು ಕನ್ನಡಕ್ಕೆ ತರುವುದು. ಒಬ್ಬರು ಕನ್ನಡಿಸಲಿ, ಮೂಲ ನೋಡಿರದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರಲಿ, ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿ. ಅಷ್ಟಾದ ಮೇಲೂ ಎಂಟು ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ‘ಈ ಸಾಲು ಓದಿದಾಗ ಏನು ಅನ್ನಿಸಿತು?’ ಎಂದು ಕೇಳಲೇಬೇಕು. ತೃಪ್ತಿಪಟ್ಟಿಯ ಐದನೆಯ ಹೇಳಿಕೆ ಬದುಕನ್ನು ಮತ್ತೊಮ್ಮೆ ಬಾಳುವ ಅವಕಾಶ ಸಿಕ್ಕರೆ ಎಂಬ ಊಹೆಯದು. ಕನ್ನಡದಲ್ಲಿ ಅದು ಥಟ್ಟನೆ ಮರುಜನ್ಮದ ಮಾತಿನಂತೆ ಕೇಳುತ್ತದೆ. ಹಾಗಾದರೆ ತೃಪ್ತಿ ಅಳೆಯುವ ಸಾಲೇ ನಂಬಿಕೆಯನ್ನೂ ಅಳೆದು, ಇಲ್ಲದ ಸಂಬಂಧ ಇದ್ದಂತೆ ತೋರುತ್ತದೆ. ‘ಇದೇ ಬದುಕನ್ನು ಮೊದಲಿನಿಂದ ಶುರುಮಾಡಿದರೂ’ ಎಂದರೆ ಆ ಗೊಂದಲ ಬಹುಪಾಲು ತಪ್ಪುತ್ತದೆ.

ಎಷ್ಟು ಜನ ಬೇಕು? ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜತೆಜತೆಗೆ ಏರಿಳಿಯುತ್ತವೆ ಎಂಬ ಅಳತೆಯೇ ಸಹಸಂಬಂಧ. ಮಧ್ಯಮ ಬಲದ ಸಹಸಂಬಂಧವನ್ನು (0.3) 80 ಪ್ರತಿಶತ ಖಾತ್ರಿಯಲ್ಲಿ ಹಿಡಿಯಲು 85 ಜನ ಸಾಕು. ಅರೆಬರೆ ತುಂಬಿದ ಹಾಳೆಗಳು ಇದ್ದೇ ಇರುತ್ತವಾದ್ದರಿಂದ 110 ಹಂಚಿ. ನಂಬಿಕೆಯು ಪ್ರೇರಣೆಯ ಮೂಲಕ ತೃಪ್ತಿಯನ್ನು ಮುಟ್ಟುತ್ತದೆಯೇ ಎಂದು ನೋಡುವ ಮಧ್ಯವರ್ತಿ ವಿಶ್ಲೇಷಣೆ ಬೇಕಿದ್ದರೆ 200 ಇಲ್ಲದೆ ಕೈಹಾಕದಿರುವುದು ಒಳ್ಳೆಯದು. ಮೊದಲ ವರ್ಷದವರಲ್ಲಿ 18 ತುಂಬದವರಿದ್ದರೆ ಪೋಷಕರ ಒಪ್ಪಿಗೆಯೂ ಬೇಕು.

ಪರೀಕ್ಷೆಯ ಆಸುಪಾಸಿನಲ್ಲಿ ಹಾಳೆ ಹಂಚಬೇಡಿ. ಆಗ ಹರಕೆ ಏರುತ್ತದೆ, ತೃಪ್ತಿ ಇಳಿಯುತ್ತದೆ. ದೇವರನ್ನು ನಂಬಿದ್ದಕ್ಕೇ ಬೇಸರ ಹೆಚ್ಚಾಯಿತು ಎಂಬ ವಿಚಿತ್ರ ಫಲಿತಾಂಶ ಬಂದೀತು! ರಂಜಾನ್, ದಸರಾ ಕೂಡ ಬೇಡ. ಪಾಠ ಮಾಡುವ ಮೇಷ್ಟ್ರು ಕೊಠಡಿಯಲ್ಲಿ ಇರಬಾರದು. ಹಾಳೆಯಲ್ಲಿ ಹೆಸರು, ರಿಜಿಸ್ಟರ್ ನಂಬರ್, ಜಾತಿ ಕೇಳಬಾರದು. ಹಾಸ್ಟೆಲ್ ಕೊಠಡಿಗೆ ಕಳಿಸಿದರೆ ನಾಲ್ವರದೂ ಒಂದೇ ಉತ್ತರ ಬರುತ್ತದೆ, ತರಗತಿಯಲ್ಲೇ ತುಂಬಿಸಿ.

ಲೆಕ್ಕಕ್ಕೆ ಜಮೋವಿ ಅಥವಾ ಜಾಸ್ಪ್, ಎರಡೂ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶಗಳು. ಮೊದಲು ಕಳೆ ಕೀಳಿ: 28 ಹೇಳಿಕೆಗೂ 7 ಹಾಕಿದವರು ಓದದೇ ತುಂಬಿದ್ದಾರೆ, ಏಕೆಂದರೆ ‘ಕಾಲೇಜಿಗೆ ಯಾಕೆ ಬರುತ್ತೇನೋ ಗೊತ್ತಿಲ್ಲ’ ಎಂಬುದಕ್ಕೂ ಅವರು ಪೂರ್ತಿ ಒಪ್ಪಿದಂತಾಯಿತು. ಆಮೇಲೆ ಪ್ರತಿ ಉಪವಿಭಾಗದ ಕ್ರಾನ್‌ಬಾಕ್ ಆಲ್ಫಾ (ಆ ಭಾಗದ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ನೋಡಿ, 0.7ಕ್ಕಿಂತ ತೀರಾ ಕೆಳಗಿದ್ದರೆ ಅನುವಾದವನ್ನು ಮತ್ತೆ ತೆರೆಯಿರಿ. ನಂತರ ಸಹಸಂಬಂಧ, ಕೊನೆಗೆ ಮನೆಯ ಆದಾಯ ಮತ್ತು ಲಿಂಗವನ್ನೂ ಸೇರಿಸಿ ಹಿಂಚಲನೆ (ಹಲವು ಅಂಶಗಳ ಪಾಲನ್ನು ಬೇರೆಬೇರೆಯಾಗಿ ಅಳೆಯುವ ಲೆಕ್ಕ). ಆದಾಯ ಬಿಟ್ಟರೆ, ಫೀಸಿನ ಚಿಂತೆ ಮಾಡಿದ ಕೆಲಸ ನಂಬಿಕೆಯ ಲೆಕ್ಕಕ್ಕೆ ಬೀಳಬಹುದು.

ನಂಬಿಕೆ ಮತ್ತು ತೃಪ್ತಿಯ ಸಹಸಂಬಂಧ 0.3 ಬಂದರೆ ತೃಪ್ತಿಯ ಏರಿಳಿತದಲ್ಲಿ 9 ಪ್ರತಿಶತ (0.3ರ ವರ್ಗ) ಮಾತ್ರ ನಂಬಿಕೆಯ ಪಾಲು. ಒಮ್ಮೆ ಮಾತ್ರ ಕೇಳಿದ ಸಮೀಕ್ಷೆಯಿಂದ ‘ನಂಬಿಕೆ ತೃಪ್ತಿ ತಂದಿತು’ ಎಂದು ಬರೆಯಲಾಗದು. ತೃಪ್ತಿ ಇದ್ದವರಿಗೇ ಪ್ರಾರ್ಥನೆಗೆ ಮನಸ್ಸು ಬಂದಿರಬಹುದು. ‘ಜತೆಜತೆಗೆ ಕಂಡುಬಂದಿವೆ’ ಎಂದು ಬರೆಯಿರಿ, ಮೌಖಿಕ ಪರೀಕ್ಷೆಯಲ್ಲೂ ಅಷ್ಟನ್ನೇ ಹೇಳಿ.

ಹಾಳೆ ಅಚ್ಚಿಗೆ ಕೊಡುವ ಮುನ್ನ ಒಂದು ಕೆಲಸ. ಕೆಲವರ ತೃಪ್ತಿ 5, 6 ಎಂದು ಬರಬಹುದು, ಹೆಸರಿಲ್ಲದ್ದರಿಂದ ಅವರು ಯಾರೆಂದು ನಿಮಗೆ ತಿಳಿಯದು. ಹಾಗಾಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಪ್ರತಿಯೊಬ್ಬರೂ ಮನೆಗೆ ಒಯ್ಯುವಂತೆ ಹರಿದುಕೊಳ್ಳುವ ಚೀಟಿಯಲ್ಲಿ ಅಚ್ಚು ಹಾಕಿಸಿ.